ಪದವಿನ ಶಾಲೆಯ ಲಕ್ಕಿ ಬೇಲಿಯ ವಿಷಯವಾಗಿ

ಮಾನ್ಯ ಓದುಗರಲ್ಲಿ ಈ ಕೆಳಗೆ ರುಜು ಮಾಡಿದವಳ ವಿನಯಪೂರ್ವಕ ಅರಿಕೆ.

ನನ್ನ ಅಕ್ಷರ ಈಗ ಮೊದಲಿನಂತಿಲ್ಲ. ಬೆರಳು ನಡುಗುತ್ತದೆ. ಒತ್ತಕ್ಷರದ ಬಾಲ ಕೆಳಗಿನ ಸಾಲಿಗೆ ಇಳಿದು ಅಲ್ಲಿರುವ ಅಕ್ಷರಗಳಿಗೆ ತೊಂದರೆ ಕೊಡುತ್ತದೆ. ಕಾಗುಣಿತದ ವಿಷಯದಲ್ಲಿ ನನಗೆ ಎಂದೂ ಧೈರ್ಯವಿರಲಿಲ್ಲ. ಮಹಾಪ್ರಾಣ ಬಂದಲ್ಲೆಲ್ಲ ಒಂದು ಕ್ಷಣ ನಿಂತು, ಸುತ್ತ ನೋಡಿ, ಮುಂದೆ ಹೋಗುವವಳು ನಾನು. ಆದುದರಿಂದ ಓದುವ ಮೊದಲೇ ಕ್ಷಮೆ ಕೇಳಿಕೊಂಡಿದ್ದೇನೆ ಎಂದು ದಯವಿಟ್ಟು ಭಾವಿಸಬೇಕು. ಕತೆ, ಪ್ರಬಂಧ ಎಂದು ನಾನು ಈವರೆಗೆ ಏನನ್ನೂ ಬರೆದವಳಲ್ಲ. ಬರೆದದ್ದೆಲ್ಲ ನಮ್ಮ ಹೆಡ್ಮಾಸ್ಟ್ರು ಇಲಾಖೆಗೆ ಕಳುಹಿಸುತ್ತಿದ್ದ ಕಾಗದಗಳ ಶುದ್ಧಪ್ರತಿ. ಅದರಿಂದಾಗಿ ನನಗೆ ಗೊತ್ತಿರುವ ಕನ್ನಡವೆಂದರೆ ಅರಿಕೆಯ ಕನ್ನಡ. ಮನೆಯ ಮಾತು ತುಳು. ತುಳುವಿನಲ್ಲಿ ನಾನು ಹೆದರುತ್ತೇನೆ, ಕನ್ನಡದಲ್ಲಿ ವಿನಂತಿಸಿಕೊಳ್ಳುತ್ತೇನೆ. ಒಳಗಿರುವುದು ಒಂದೇ.

ಈ ಪ್ರಬಂಧಕ್ಕೆ ಒಳ್ಳೆಯ ಕಾಗದ ಬೇಕೆಂದು ನಿನ್ನೆ ತಗಡಿನ ಟ್ರಂಕನ್ನು ಬಿಚ್ಚಿದೆ. ಹಳೆಯ ಸೀರೆಗಳ ಮಡಿಕೆಯಿಂದ ಒಣಗಿ ಬೂದಿಬಣ್ಣವಾದ ಕೆಲವು ಎಲೆಗಳು ನೆಲಕ್ಕೆ ಉದುರಿದವು. ಮೂಗಿನ ಹತ್ತಿರ ಹಿಡಿದೆ. ಅಷ್ಟು ವರ್ಷಗಳಾದ ಮೇಲೂ ಅದೇ ಖಾರದ, ಕಹಿಯ ವಾಸನೆ. ಲಕ್ಕಿ ಎಲೆ, ನಮ್ಮಲ್ಲಿ ನೆಕ್ಕಿ ಎನ್ನುತ್ತಾರೆ. ಬರೆಯಬೇಕೆಂದುಕೊಂಡಿದ್ದ ವಿಷಯ ಬೇರೆ ಇತ್ತು. ಅದು ಅಲ್ಲಿಗೇ ನಿಂತಿತು.

ಈ ವಾಸನೆಯೆಂದರೆ ಚಿಕ್ಕಂದಿನಿಂದ ನನಗೆ ದಿಗಿಲು. ನನ್ನ ಹುಟ್ಟೂರು ಬಂಟ್ವಾಳದ ಹತ್ತಿರದ ನರಿಕೊಂಬು. ಮನೆಯ ಕೆಳಗೆ ಹೊಳೆ. ನಮ್ಮ ಅಮ್ಮ ಮಳೆಗಾಲದಲ್ಲಿ ಹೊಳೆಯ ಮೆಟ್ಟಿಲನ್ನು ನೋಡದೆ ಒಲೆ ಹಚ್ಚುತ್ತಿರಲಿಲ್ಲ. ನೀರು ಏರಿದರೆ ಅವರಿಗೆ ಚಿಂತೆ, ಇಳಿದರೆ ಇನ್ನೆಷ್ಟು ಹೊತ್ತಿಗೆ ಏರುತ್ತದೋ ಎಂಬ ಚಿಂತೆ. ಮಕ್ಕಳಲ್ಲಿ ಯಾರಿಗಾದರೂ ಶೀತವಾದರೆ ದಿಂಬಿನೊಳಗೆ ಲಕ್ಕಿ ಎಲೆ ತುಂಬುತ್ತಿದ್ದರು. ನೆರೆಯಲ್ಲಿ ಹೆರಿಗೆಯಾದರೆ ಲಕ್ಕಿ ಎಲೆ ಹಾಕಿ ಕುದಿಸಿದ ನೀರು ಹಂಡೆಗಟ್ಟಲೆ ಹೋಗುತ್ತಿತ್ತು. ದನದ ಹಟ್ಟಿಯಲ್ಲಿ ಸೊಳ್ಳೆ ಹೆಚ್ಚಾದರೆ ಅದರದೇ ಹೊಗೆ. ಆದುದರಿಂದ ಸದರಿ ವಾಸನೆ ಬಂತೆಂದರೆ ಎಲ್ಲಿಯೋ ಯಾರಿಗೋ ಏನೋ ಆಗಿದೆ ಎಂದೇ ನನ್ನ ಅರ್ಥ. ಅದಕ್ಕೆ ಹೂ ಬಿಡುತ್ತದೆ ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ಔಷಧದ ಬಾಟ್ಲಿಯಲ್ಲಿ ಯಾರು ಹೂ ಹುಡುಕುತ್ತಾರೆ?

ಟೀಚರ್ ತರಬೇತಿ ಮುಗಿದು ನನಗೆ ಕೆಲಸ ಸಿಕ್ಕಿದ್ದು ಮೂಡುಬಿದಿರೆಗೂ ವೇಣೂರಿಗೂ ನಡುವಿನ ಒಂದು ಪದವಿನ ಶಾಲೆಯಲ್ಲಿ. ಆಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಬಹಳ ಕಾಲವಾಗಿರಲಿಲ್ಲ. ಪದವು ಎಂದರೆ ಮುರಕಲ್ಲಿನ ಬೋಳು ಬಯಲು. ಮಳೆಗಾಲದಲ್ಲಿ ಒಂದು ಬೆರಳು ಉದ್ದದ ಹುಲ್ಲು, ಬೇಸಗೆಯಲ್ಲಿ ದೋಸೆಕಾವಲಿ. ಹೊಳೆಯ ಬದಿಯಲ್ಲಿ ನೀರಿಗೆ ಹೆದರಿ ಬೆಳೆದವಳು ಇಲ್ಲಿ ನೀರಿಲ್ಲ ಎಂದು ಹೆದರತೊಡಗಿದೆ. ಬಾವಿಗೆ ಕೊಡಪಾನ ಇಳಿಸಿದರೆ ಅದು ನೀರಿಗೆ ತಾಗಿದ ಶಬ್ದ ಬರುವವರೆಗೆ ನನ್ನ ಉಸಿರು ನಿಲ್ಲುತ್ತಿತ್ತು.

ನಾನು ಉಳಿದುಕೊಂಡದ್ದು ಶಾಲೆಯ ಕೆಳಗಿನ ಗದ್ದೆಬದಿಯ ಕಮಲಕ್ಕನ ಮನೆಯಲ್ಲಿ. ಕಮಲಕ್ಕ ವಿಧವೆ, ಸ್ವಲ್ಪ ಗದ್ದೆ, ಒಂದು ಜೊತೆ ಕೋಣ, ನಾಲ್ಕು ದನ, ಯಾರಿಗೂ ಬಗ್ಗದ ಬಾಯಿ. ನನ್ನನ್ನು ಮೊದಲ ದಿನ ನೋಡಿದ ಕೂಡಲೇ, "ಇದೇನು ಟೀಚರ್ರೇ, ಮಕ್ಕಳಿಗೆ ಕಲಿಸಲಿಕ್ಕೆ ಬಂದದ್ದೋ, ಮಕ್ಕಳ ಹತ್ತಿರ ಪೆಟ್ಟು ತಿನ್ನಲಿಕ್ಕೆ ಬಂದದ್ದೋ?" ಎಂದು ಕೇಳಿದ್ದರು. ಅವರು ಆಡಿದ್ದೆಲ್ಲ ತುಳುವಿನಲ್ಲಿ. ನಾನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಖಾರ ಕಡಿಮೆಯಾಗಿದ್ದರೆ ದೋಷ ನನ್ನದು.

ಹೆಡ್ಮಾಸ್ಟ್ರು ನೇಮಿರಾಜ ಮಾಸ್ಟ್ರು. ವೇಣೂರಿನ ಜೈನರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವವರು, ಸೂರ್ಯ ಮುಳುಗಿದ ಮೇಲೆ ಊಟ ಮಾಡದವರು. ಇರುವೆ ಸಾಲಾಗಿ ಹೋಗುತ್ತಿದ್ದರೆ ಮಕ್ಕಳ ಸಾಲನ್ನು ನಿಲ್ಲಿಸಿ ಇರುವೆಗೆ ದಾರಿ ಬಿಡಿಸುತ್ತಿದ್ದರು. ಇಂಥವರ ಶಾಲೆಗೆ, ಕೈಕಸಬು ಕಲಿಸುವ ಯೋಜನೆಯಂತೆ, ಇಲಾಖೆಯಿಂದ ಒಂದು ಜೇನುಪೆಟ್ಟಿಗೆ ಬಂತು. ನೊಣಗಳ ಸಮೇತ.

ಓದುಗರಿಗೆ ತಿಳಿದಿರಬಹುದು: ಜೈನರಿಗೆ ಜೇನುತುಪ್ಪ ವರ್ಜ್ಯ. ಮನೆಯೊಳಗೆ ತರುವುದೂ ಇಲ್ಲ. ಮಾಸ್ಟ್ರು ಪೆಟ್ಟಿಗೆಯ ಎದುರು ಬಹಳ ಹೊತ್ತು ಕೈಕಟ್ಟಿ ನಿಂತಿದ್ದರು. ತಂದುಕೊಟ್ಟ ಜೇನುಸಾಕಣೆಯ ಇನ್‌ಸ್ಟ್ರಕ್ಟರು ಚೌಕಟ್ಟು ಎತ್ತುವುದು ಹೇಗೆ, ತುಪ್ಪ ತೆಗೆಯುವುದು ಹೇಗೆ ಎಂದೆಲ್ಲ ವಿವರಿಸಿ, ಕೊನೆಗೆ, "ಒಂದೇ ಜಾಗ್ರತೆ. ಮಳೆಗಾಲದಲ್ಲಿ ಹೂ ಇರುವುದಿಲ್ಲ. ಹೊಟ್ಟೆಗಿಲ್ಲದಿದ್ದರೆ ನೊಣ ಪೆಟ್ಟಿಗೆ ಬಿಟ್ಟು ಹಾರಿ ಹೋಗ್ತದೆ," ಎಂದು ಹೇಳಿ ಬಸ್ಸಿಗೆ ಹೋದರು.

ಮಾಸ್ಟ್ರು ನನ್ನನ್ನು ಕರೆದರು. ಕೈಕಸಬು, ತೋಟ ನನ್ನ ಪಾಲಿನ ಕೆಲಸ. ನನ್ನ ನೇಮಕವೂ ಸದರಿ ಕೈಕಸಬಿನ ಲೆಕ್ಕದಲ್ಲಿಯೇ ಆದದ್ದು, ಅದೂ ತಾತ್ಕಾಲಿಕವಾಗಿ.

"ಟೀಚರ್, ತುಪ್ಪ ತೆಗೆಯಿರಿ ಎಂದು ನಾನು ನಿಮಗೆ ಹೇಳಲಾರೆ. ತೆಗೆಯಬೇಡಿ ಎಂದು ಹೇಳುವ ಅಧಿಕಾರವೂ ನನಗಿಲ್ಲ."

"ಹಾಗಾದರೆ ಏನು ಮಾಡುವ ಸಾರ್?"

ಅವರು ನಿಧಾನವಾಗಿ ಯೋಚಿಸಿ ಹೇಳಿದರು. "ಹೂವಿನ ಗಿಡ ನೆಡುವ. ನೊಣ ಇರಲಿ. ಇನ್ಸ್‌ಪೆಕ್ಟರು ಬಂದಾಗ ಪೆಟ್ಟಿಗೆಯಲ್ಲಿ ನೊಣ ಇದ್ದರೆ ಅರ್ಧ ಕಸಬಾದರೂ ಉಳಿದಂತೆ. ಪೆಟ್ಟಿಗೆಯೇ ಬರಿದಾದರೆ ಕಸಬೂ ಇಲ್ಲ, ಕಸಬಿನ ಟೀಚರೂ ಇಲ್ಲ."

ಅವರು ಹೆದರಿಸಲು ಹೇಳಿದ್ದಲ್ಲ. ಇದ್ದುದನ್ನು ಹೇಳಿದರು. ಆದರೆ ಅಂದಿನಿಂದ ನನ್ನ ಜೀವ ಆ ಪೆಟ್ಟಿಗೆಯ ಸಣ್ಣ ಬಾಗಿಲಲ್ಲಿ ಹೋಗಿಬಂದು ಮಾಡತೊಡಗಿತು. ನೊಣ ಹಾರಿದರೆ ನಾನೂ ಹಾರಿದಂತೆ. ನರಿಕೊಂಬಿಗೆ ಹಿಂದೆ ಹೋಗಿ ಅಮ್ಮನ ಜೊತೆ ಹೊಳೆಯ ಮೆಟ್ಟಿಲು ನೋಡುತ್ತ ಕುಳಿತುಕೊಳ್ಳಬೇಕು. ಬೆಳಿಗ್ಗೆ ಶಾಲೆಯ ಗಂಟೆ ಬಾರಿಸುವ ಮೊದಲು ಪೆಟ್ಟಿಗೆಗೆ ಕಿವಿಯಿಡುತ್ತಿದ್ದೆ. ಒಳಗೆ ದೂರದ ಮಳೆಯಂಥ ಶಬ್ದ. ಮಾನ್ಯ ನೊಣಗಳೇ, ತಾವು ದಯಮಾಡಿ ಇಲ್ಲಿಯೇ ಇರಬೇಕಾಗಿ ಪ್ರಾರ್ಥನೆ, ಎಂದು ಮನಸ್ಸಿನಲ್ಲಿಯೇ ಒಂದು ಅರ್ಜಿ ಬರೆದು ಗಂಟೆ ಬಾರಿಸಲು ಹೋಗುತ್ತಿದ್ದೆ.

ಆ ಶಾಲೆಯ ತೋಟದ ಚರಿತ್ರೆ ಒಳ್ಳೆಯದಿರಲಿಲ್ಲ. ಸೀಮೆಎಣ್ಣೆ ಡಬ್ಬದ ಗುಲಾಬಿ ಪ್ರತಿ ಬೇಸಗೆ ಸಾಯುತ್ತಿತ್ತು. ಮಾಸ್ಟ್ರು ಪ್ರತಿ ಮಳೆಗಾಲ ಹೊಸ ಗುಲಾಬಿ ತರುತ್ತಿದ್ದರು. ಡೇರೆ ಗಡ್ಡೆಯನ್ನು ಹೆಗ್ಗಣ ತಿಂದಿತ್ತು. ಕ್ರೋಟನ್ ಮಾತ್ರ ಬದುಕಿತ್ತು, ಅದಕ್ಕೆ ಹೂವಿನ ಜವಾಬ್ದಾರಿಯಿಲ್ಲ. ನೀರು ಕೇಳದ, ದನ ತಿನ್ನದ, ಮಳೆಗಾಲದಲ್ಲಿ ಹೂ ಬಿಡುವ ಗಿಡ ಯಾವುದು ಎಂದು ನಾನು ಸಿಕ್ಕಿದವರನ್ನೆಲ್ಲ ಕೇಳಿದೆ. ಅಂಥ ಗುಣದ ಹುಡುಗ ಸಿಕ್ಕಿದರೆ ಗಿಡ ಏಕೆ, ಮದುವೆಯೇ ಆಗಬಹುದು ಎಂದರು ಕಮಲಕ್ಕ.

ಉತ್ತರ ಸಿಕ್ಕಿದ್ದು ವೇಣೂರಿನ ಹೊಳೆಬದಿಯಲ್ಲಿ. ಮಾಸ್ಟ್ರ ಮನೆಗೆ ಕಾಗದ ಒಪ್ಪಿಸಲು ಹೋದವಳು ಫಲ್ಗುಣಿಯ ದಂಡೆಯಲ್ಲಿ ಹಿಂದೆ ಬರುತ್ತಿದ್ದೆ. ಪೊದೆಯೊಂದು ಗುಂಯ್ಗುಡುತ್ತಿತ್ತು. ನೀಲಿಗೂ ನೇರಳೆಗೂ ನಡುವಿನ ಬಣ್ಣದ ಪುಡಿಪುಡಿ ಹೂ. ಪ್ರತಿ ಗೊಂಚಲಿಗೂ ನೊಣ, ಅದರ ಜೊತೆ ಕಪ್ಪು ಭ್ರಮರ, ಬಿಳಿಯ ಚಿಟ್ಟೆ. ಎಲೆ ಮುರಿದು ಮೂಸಿದೆ. ಅಮ್ಮನ ದಿಂಬು. ಇಷ್ಟು ವರ್ಷ ಕಾಯಿಲೆಯ ಮನೆಯಲ್ಲಿಯೇ ಕಂಡ ಗಿಡ ಇಲ್ಲಿ ಅಷ್ಟು ಜನಕ್ಕೆ ಊಟ ಬಡಿಸುತ್ತಿತ್ತು. ಮಳೆಗಾಲದಲ್ಲಿಯೂ ಹೂ ಬಿಡುತ್ತದೆ ಎಂದು ಹತ್ತಿರದ ಗದ್ದೆಯವರು ಹೇಳಿದರು.

ಮೊದಲ ಮಳೆ ಬಿದ್ದ ಮೇಲೆ ಹೆಬ್ಬೆರಳಿನ ಗಾತ್ರದ ಗೆಲ್ಲುಗಳನ್ನು ಕಡಿದು, ಎಲೆ ಬಿಡಿಸದೆ ಕಟ್ಟು ಕಟ್ಟಿ ಬಸ್ಸು ಹತ್ತಿದೆ. ಅದು ಆ ದಾರಿಯಲ್ಲಿ ಎಲ್ಲರಿಗೂ ಗುರುತಿನ ಬಸ್ಸು. ಕಂಡಕ್ಟರು ಕಟ್ಟನ್ನು ನೋಡಿದ, ನನ್ನನ್ನು ನೋಡಿದ.

"ಟೀಚರ್ರೇ, ಬಾಣಂತಿ ಯಾರು?"

"ಯಾರೂ ಇಲ್ಲ. ಇದು ಶಾಲೆಗೆ."

"ಶಾಲೆಯಲ್ಲಿ ಬಾಣಂತಿಯೋ?"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಜೇನುನೊಣಕ್ಕೆ ಎಂದೆ. ಅದರಿಂದ ವಿಷಯ ಸುಧಾರಿಸಲಿಲ್ಲ. ನಾನು ಮದುವೆಯಾಗದ ಹುಡುಗಿ. ಈ ಮಾತು ಊರಿಗೆ ತಲುಪುವಾಗ ಏನಾಗಿ ತಲುಪುತ್ತದೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಕಮಲಕ್ಕ ಕಾಫಿ ಕೊಡುತ್ತ, "ನಿಮ್ಮ ನೊಣಕ್ಕೆ ಹೆರಿಗೆಯಂತೆ. ಗಂಡೋ ಹೆಣ್ಣೋ?" ಎಂದು ಕೇಳಿದಾಗ ತಲುಪಿದ್ದು ಸರಿಯಾಗಿಯೇ ತಲುಪಿದೆ ಎಂದು ಸಮಾಧಾನವಾಯಿತು.

ಗೆಲ್ಲುಗಳನ್ನು ಶಾಲೆಯ ಅಂಗಳದ ಸುತ್ತ, ಮುರಕಲ್ಲಿನ ನಡುವೆ ಮಣ್ಣು ಸಿಕ್ಕಿದಲ್ಲೆಲ್ಲ ಊರಿದೆವು. ಆದರೆ ಅವು ಹೂ ಬಿಡಲು ಮುಂದಿನ ಮಳೆಗಾಲ ಬರಬೇಕು. ಈ ಮಳೆಗಾಲದ ಆಟಿ ತಿಂಗಳು ಎದುರಿಗೇ ಇತ್ತು. ನಮ್ಮ ಕಡೆಯವರಿಗೆ ಆಟಿಯೆಂದರೆ ಹೇಳಬೇಕಾಗಿಲ್ಲ. ಬಿಡದ ಮಳೆ, ಅಕ್ಕಿಯ ಮುಡಿಯ ತಳ ಕಾಣುವ ಕಾಲ, ತಗತೆ ಸೊಪ್ಪು, ಕೆಸುವಿನ ಎಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಯಾರೂ ಯಾರ ಮನೆಗೂ ಏನನ್ನೂ ಕೇಳಲು ಹೋಗುವುದಿಲ್ಲ. ಎಲ್ಲ ಮನೆಯಲ್ಲಿಯೂ ಇರುವುದು ಅಷ್ಟೇ ಎಂದು ಗೊತ್ತು. ನೊಣಗಳಿಗೂ ಆಟಿ ಇದೆ ಎಂದು ಮಾತ್ರ ನನಗೆ ಆಗ ತಿಳಿಯಿತು. ಸಕ್ಕರೆ ಪಾಕ ಮಾಡಿ ತಟ್ಟೆಯಲ್ಲಿ ಪೆಟ್ಟಿಗೆಯೊಳಗೆ ಇಡುತ್ತಿದ್ದೆ. ನನ್ನ ಪಾಲಿನ ಸಕ್ಕರೆ ಅಲ್ಲಿಗೆ ಹೋದದ್ದರಿಂದ ನಾನು ಬೆಲ್ಲದ ಕಾಫಿ ಕುಡಿದೆ. ಕಮಲಕ್ಕನಿಗೆ ಅದನ್ನು ಸಹಿಸಲಾಗಲಿಲ್ಲ.

"ಜೇನುನೊಣ ಮನುಷ್ಯರಿಗೆ ಸಿಹಿ ಕೊಡುವುದು ಕೇಳಿದ್ದೇನೆ. ಮನುಷ್ಯರು ನೊಣಕ್ಕೆ ಸಿಹಿ ಕೊಡುವುದು ಈ ಶಾಲೆಯಲ್ಲಿಯೇ ನೋಡಿದ್ದು. ತುಪ್ಪವನ್ನೂ ತೆಗೆಯುವುದಿಲ್ಲವಂತೆ. ಮತ್ತೆ ಅದನ್ನು ಸಾಕುವುದು ಯಾಕೆ ಮಾರಾಯ್ರೇ?"

"ಇರಲಿ ಎಂದು ಕಮಲಕ್ಕ."

"ಇರಲಿ ಎಂದು ನಾನು ನಿಮ್ಮನ್ನು ಸಾಕುತ್ತಿದ್ದೇನಲ್ಲ, ಹಾಗೆಯೋ," ಎಂದರು.

ನೊಣಗಳು ಆ ಆಟಿಯನ್ನು ದಾಟಿದವು. ಮಕರ ಸಂಕ್ರಾಂತಿ ಕಳೆಯಿತು, ಬಾವಿ ಇಳಿಯಿತು, ಪದವು ಕಾದಿತು. ಮಕ್ಕಳು ಬರಿಗಾಲಿನಲ್ಲಿ ಕಲ್ಲಿನ ಮೇಲೆ ನಡೆಯಲಾರದೆ ಹುಲ್ಲಿನ ಅಂಚು ಹಿಡಿದು ಬರುತ್ತಿದ್ದರು. ಗುಲಾಬಿ ಪದ್ಧತಿಯಂತೆ ತೀರಿಕೊಂಡಿತು. ಲಕ್ಕಿ ಗಿಡಗಳು ಅರ್ಧ ಎಲೆ ಉದುರಿಸಿ ಕಡ್ಡಿಗಳಂತೆ ನಿಂತವು. ನಾನು ಅವಕ್ಕೆ ಒಂದು ಹನಿ ನೀರು ಕೊಟ್ಟಿರಲಿಲ್ಲ, ಕೊಡಲು ಇರಲಿಲ್ಲ. ಸತ್ತಿವೆಯೋ ಬದುಕಿವೆಯೋ ಎಂದು ಪ್ರತಿ ಬೆಳಿಗ್ಗೆ ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ಹಸಿರು ಇದೆಯೇ ಎಂದು ನೋಡುತ್ತಿದ್ದೆ. ಹಸಿರಿರುತ್ತಿತ್ತು. ಮರುದಿನಕ್ಕೆ ನಂಬಿಕೆ ಮುಗಿದು ಮತ್ತೆ ಕೆರೆಯುತ್ತಿದ್ದೆ. ಒಂದು ದಿನ ಮಾಸ್ಟ್ರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಟೀಚರ್, ಬಿಸಿಲಿಗೆ ಈ ಗಿಡ ಸಾಯಲಿಕ್ಕಿಲ್ಲ. ನಿಮ್ಮ ಉಗುರಿಗೆ ಸಾಯಬಹುದು."

ಅಂದಿನಿಂದ ಕೆರೆಯುವುದನ್ನು ಬಿಟ್ಟು ಸುಮ್ಮನೆ ಮುಟ್ಟಿ ನೋಡತೊಡಗಿದೆ. ಮುಟ್ಟಿದರೆ ಏನೂ ತಿಳಿಯುವುದಿಲ್ಲ. ಆದರೂ ಮುಟ್ಟದೆ ಇರಲು ಆಗುತ್ತಿರಲಿಲ್ಲ.

ಎರಡನೆಯ ಮಳೆಗಾಲ ಬಂತು. ಆ ಕಡ್ಡಿಗಳು ನನ್ನ ಎದೆಯ ಎತ್ತರಕ್ಕೆ ಏರಿ, ಎಲೆಯ ಬೆನ್ನಿನ ಬಿಳುಪು ಗಾಳಿಗೆ ತೋರಿಸುತ್ತ, ಆಟಿಯ ಹೊತ್ತಿಗೆ ತುದಿತುದಿಯಲ್ಲಿ ಗೊಂಚಲು ಹಿಡಿದವು. ಮಳೆ ಸ್ವಲ್ಪ ಬಿಟ್ಟ ಕೂಡಲೇ ಪೆಟ್ಟಿಗೆಯಿಂದ ನೊಣಗಳು ಸಾಲಾಗಿ ಬೇಲಿಗೆ ಹೋಗುವುದು, ಮತ್ತೆ ಹನಿ ಬಿದ್ದರೆ ಓಡಿ ಬರುವುದು, ಥೇಟು ನಮ್ಮ ಮಕ್ಕಳ ಹಾಗೆ. ಆ ವರ್ಷ ನಾನು ಸಕ್ಕರೆ ಹಾಕಿದ ಕಾಫಿ ಕುಡಿದೆ. ಗದ್ದೆಬದಿಯಲ್ಲಿ ಕಮಲಕ್ಕ ಹಾಕಿದ್ದ ಹೀರೆಯ ಚಪ್ಪರದಲ್ಲಿಯೂ ನೊಣ ಕಂಡಿತು. ಹೀಚು ಉದುರದೆ ಕಾಯಿ ನಿಂತಿತು ಎಂದು ಅವರು ಹೇಳಿದರು. ಕಾರಣ ನಾನು ಹೇಳಿದರೆ, "ಹೌದು, ನಾನು ಹಾಕಿದ ಗೊಬ್ಬರವೂ ನಿಮ್ಮ ನೊಣವೇ ಹೊತ್ತು ತಂದದ್ದು," ಎಂದರು.

ಆಟಿ ಮುಗಿದು ಸೋಣ ತಿಂಗಳು ಹುಟ್ಟಿತು. ಇನ್ಸ್‌ಪೆಕ್ಟರು ಬರುತ್ತಾರೆಂದು ತಿಳಿದುಬಂತು. ಬೇಲಿ ಹೂವಿನಲ್ಲಿದೆ, ಪೆಟ್ಟಿಗೆ ತುಂಬಿದೆ. ಹೆದರಲು ನನಗೆ ಕಾರಣವೇ ಇರಲಿಲ್ಲ. ಅದೇ ಒಂದು ಹೆದರಿಕೆಯಾಯಿತು.

ಆ ಕಾಲದಲ್ಲಿ ಎಲ್ಲಿ ನೋಡಿದರೂ ಶ್ರಮದಾನ. ಶಾಲೆಗೆ ದೊಡ್ಡವರು ಬರುತ್ತಾರೆಂದರೆ ಹಿಂದಿನ ದಿನ ಊರವರು ಕತ್ತಿ, ಹಾರೆ ಹಿಡಿದು ಬಂದು ಅಂಗಳ ಶುದ್ಧ ಮಾಡುವುದು ಮರ್ಯಾದೆ. ಯಾರೂ ಕರೆಯಬೇಕಾಗಿಲ್ಲ. ಅಂದು ನಾನು ಮಾಸ್ಟ್ರ ಜೊತೆ ಒಳಗೆ ಕುಳಿತು ಕಾಗದಗಳ ಪ್ರತಿ ಮಾಡುತ್ತಿದ್ದೆ. ಹೊರಗೆ ಕತ್ತಿಯ ಶಬ್ದ, ಹೆಂಗಸರ ನಗು. ಹುಲ್ಲು ಕೊಯ್ಯುತ್ತಿದ್ದಾರೆ ಎಂದುಕೊಂಡೆ. ಆಗ ಬಾಗಿಲಿನಿಂದ ಆ ವಾಸನೆ ಬಂತು. ಒಂದು ಎಲೆ ಮುರಿದರೆ ಬರುವ ವಾಸನೆಯಲ್ಲ. ಹಂಡೆ ತುಂಬ ಕುದಿಸಿದಂತೆ, ಊರಿಗೆ ಊರೇ ಕಾಯಿಲೆ ಮಲಗಿದಂತೆ.

ಹೊರಗೆ ಬಂದೆ. ಬೇಲಿ ಇರಲಿಲ್ಲ. ಅಂಗಳದ ಸುತ್ತ ಸಾಲಾಗಿ ಮೋಟು ಬುಡಗಳು. ಕ್ರೋಟನ್ ಗಿಡಗಳಿಗೆ ಕೆಮ್ಮಣ್ಣಿನ ಕಟ್ಟೆ ಕಟ್ಟಿ, ಸುಣ್ಣ ಬಳಿದು, ಶೃಂಗಾರ ಮಾಡಿದ್ದರು. ಹೂಬಿಟ್ಟ ಲಕ್ಕಿ ಗೆಲ್ಲುಗಳನ್ನೆಲ್ಲ ರಾಶಿ ಹಾಕಿ, ಅದರಲ್ಲಿ ಚೆಂದದ್ದನ್ನು ಆರಿಸಿ, ಗೇಟಿನ ಎರಡು ಕಂಬಕ್ಕೆ ಕಟ್ಟಿ ಕಮಾನು ಮಾಡುತ್ತಿದ್ದರು. ಮೇಲೆ ನಿಂತು ಕಟ್ಟುತ್ತಿದ್ದವರು ಕಮಲಕ್ಕ.

"ನೋಡಿ ಟೀಚರ್ರೇ," ಎಂದರು ಸಂತೋಷದಲ್ಲಿ. "ಕಾಡು ಎಲ್ಲ ಹೋಯಿತು. ಈಗ ಶಾಲೆ ಶಾಲೆಯ ಹಾಗೆ ಕಾಣ್ತದೆ."

ನಾನು ಬಗ್ಗಿ ಒಂದು ಬುಡವನ್ನು ಮುಟ್ಟಿ ನೋಡಿದೆ. ಅವರ ಮುಖ ಸ್ವಲ್ಪ ಬದಲಾಯಿತು. ನಾನು ಬುಡಗಳನ್ನು ನೋಡುವುದನ್ನು ನೋಡಿದರು.

"ಅದು... ನೀವು ನೆಟ್ಟದ್ದೋ? ಬಸ್ಸಿನಲ್ಲಿ ತಂದದ್ದು? ನಾನು ಹೂವಿನ ಗಿಡ ಎಂದರೆ ಈ ಕ್ರೋಟನ್ ಎಂದು ತಿಳಿದೆ ಮಾರಾಯ್ರೇ. ನೆಕ್ಕಿಯನ್ನು ಯಾರಾದರೂ ತೋಟ ಎನ್ನುತ್ತಾರೋ?"

ಯಾರೂ ಎನ್ನುವುದಿಲ್ಲ. ನಾನೂ ಎಂದವಳಲ್ಲ. ಗುಡ್ಡೆಯಲ್ಲಿ ತಾನಾಗಿ ಹುಟ್ಟಿದ ಹಸಿರೆಲ್ಲ ಹಟ್ಟಿಗೆ ಸೊಪ್ಪು. ಅದನ್ನು ಕತ್ತಿಯಿಂದ ಸವರುವುದು ಕೆಲಸ. ಸವರಿ ಕೊಡುವುದು ಉಪಕಾರ. ಅವರು ನನಗೆ ಉಪಕಾರವನ್ನೇ ಮಾಡಿದ್ದರು. ಬೈಯಲು ಎಡೆಯಿರಲಿಲ್ಲ. ಅಳಲು ಜಾಗವಿರಲಿಲ್ಲ. ನಾನು ಒಳಗೆ ಹೋಗಿ ಉಳಿದ ಕಾಗದದ ಪ್ರತಿ ಮಾಡಿದೆ. 'ಶಾಲೆಯ ಆವರಣವು ಶುದ್ಧವಾಗಿದೆ' ಎಂಬ ವಾಕ್ಯ ಬಂತು. ಅದನ್ನೂ ಬರೆದೆ.

ಮರುದಿನ ಎಳೆ ಬಿಸಿಲು. ಇನ್ಸ್‌ಪೆಕ್ಟರು ಘಟ್ಟದ ಮೇಲಿನವರು, ಮೈಸೂರು ಕಡೆಯವರು; ಕ್ಲೋಸ್ ಕೋಟು, ಕೊಡೆ. ಅವರು ಗೇಟಿಗೆ ಬಂದು ನಿಂತರು. ಮುಂದೆ ಬರಲಿಲ್ಲ. ಕಮಾನು ಗುಂಯ್ಗುಡುತ್ತಿತ್ತು. ಬೇಲಿ ಎಲ್ಲಿ ಹೋಯಿತೆಂದು ಹುಡುಕಿದ ನೊಣಗಳೆಲ್ಲ ಅದನ್ನು ಗೇಟಿನಲ್ಲಿ ಕಂಡುಹಿಡಿದು, ಬಾಡುವ ಮೊದಲು ಮುಗಿಸಬೇಕೆಂಬಂತೆ ಒಂದರ ಮೇಲೊಂದು ಮುತ್ತಿದ್ದವು.

"ಏನ್ರೀ ಇದು ಮೇಷ್ಟ್ರೇ?"

"ನಮ್ಮ ಶಾಲೆಯ ನೊಣ ಸಾರ್," ಎಂದರು ಮಾಸ್ಟ್ರು ಒಳಗಿನಿಂದ ಕೈಮುಗಿದು. "ಸ್ವಾಗತಕ್ಕೆ ಬಂದಿವೆ."

ಕಮಲಕ್ಕ ಇನ್ಸ್‌ಪೆಕ್ಟರನ್ನು ಪಕ್ಕದ ಮೋಟುಗೋಡೆಯ ತಡಮೆಯಿಂದ, ಎಂದರೆ ದನ ದಾಟದ ಹಾಗೆ ಅಡ್ಡ ಕೋಲು ಇಟ್ಟ ಸಣ್ಣ ದಾರಿಯಿಂದ, ಕೊಡೆ ಹಿಡಿದುಕೊಂಡು ದಾಟಿಸಿದರು. ಇಲಾಖೆಯ ಅಧಿಕಾರಿಯೊಬ್ಬರು ಪಂಚೆ ಎತ್ತಿ ತಡಮೆ ಹಾರುವುದನ್ನು ನಮ್ಮ ಮಕ್ಕಳು ಮೊದಲ ಬಾರಿಗೆ ನೋಡಿದರು.

ಪಾಠ, ಲೆಕ್ಕ, ಪದ್ಯ ಎಲ್ಲ ಆಯಿತು. ಪೆಟ್ಟಿಗೆಯ ಎದುರು ಬಂದು ನಿಂತರು.

"ನೊಣ ಚೆನ್ನಾಗಿದೆ. ತುಪ್ಪ ಎಷ್ಟು ತೆಗೆದ್ರಿ?"

ಮಾಸ್ಟ್ರು ನೆಲ ನೋಡಿದರು. ಸುಳ್ಳು ಅವರಿಗೆ ಬಾರದು. ನಿಜ ಇಲಾಖೆಗೆ ಬೇಡ. ಪ್ರಶ್ನೆ ನನ್ನ ಕಡೆಗೆ ತಿರುಗಿತು. ನಾನು ಕಲಿತ ಅರಿಕೆಯ ಕನ್ನಡವೆಲ್ಲ ಆ ಗಳಿಗೆಯಲ್ಲಿ ಎಲ್ಲಿಗೋ ಹೋಯಿತು.

"ತೆಗೆಯಲಿಲ್ಲ ಸಾರ್. ಆಟಿ ಇತ್ತಲ್ಲ. ಅವಕ್ಕೇ ಬೇಕಾಗಿತ್ತು."

"ಆಟಿ ಅಂದ್ರೇನ್ರೀ?"

ಈಗ ಮಾಸ್ಟ್ರು ತಲೆಯೆತ್ತಿದರು. "ಯಾರ ಮನೆಯಲ್ಲಿಯೂ ಏನನ್ನೂ ಕೇಳಬಾರದ ತಿಂಗಳು ಸಾರ್."

ಇನ್ಸ್‌ಪೆಕ್ಟರು ಕೊಡೆಯ ತುದಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದರು. "ಸರಿ. ಸುಗ್ಗಿಗೆ ಬರ್ತೀನಿ. ಆಗ ಕೇಳಬಹುದಲ್ಲ?" ಎಂದರು.

ಹೀಗೆ ನನ್ನ ಆತಂಕಕ್ಕೆ ಅವಧಿ ವಿಸ್ತರಣೆ ದೊರೆಯಿತು. ಸುಗ್ಗಿಯವರೆಗೆ ನೊಣ ಇರಬೇಕು. ಇದ್ದರೆ ತುಪ್ಪ ತೆಗೆಯಬೇಕು, ಮಾಸ್ಟ್ರ ಮುಖ ನೋಡಲಾಗದು. ಇಲ್ಲದಿದ್ದರೆ ನನ್ನ ಕೆಲಸವಿಲ್ಲ. ಬೇಲಿಯಂತೂ ಇಲ್ಲವೇ ಇಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಕಮಾನಿನ ಸೊಪ್ಪೂ ರಾಶಿಯೂ ಇರಲಿಲ್ಲ. ಕಮಲಕ್ಕನ ಹಟ್ಟಿಯಲ್ಲಿ ದನಗಳ ಕಾಲಡಿಗೆ ಹರಡಿತ್ತು. ಅದರ ಮರುವಾರ ಒಂದೊಂದು ಬುಡಕ್ಕೂ ಒಂದೊಂದು ಬುಟ್ಟಿ ಹಟ್ಟಿಗೊಬ್ಬರ ಬಿದ್ದಿತ್ತು. ಯಾರು ಹಾಕಿದರೆಂದು ನಾನು ಕೇಳಲಿಲ್ಲ. ಅವರೇ ಹಾದಿಯಲ್ಲಿ ಸಿಕ್ಕಿ, ಬೇರೆಲ್ಲಿಯೋ ನೋಡುತ್ತ ಹೇಳಿದರು:

"ನೀವು ಹಾಗೆ ಸತ್ತವರ ಮನೆಯ ಮುಖ ಮಾಡಬೇಡಿ ಟೀಚರ್ರೇ. ಬುಡ ಒಂದು ಗೇಣು ಬಿಟ್ಟೇ ಸವರಿದ್ದು. ಸೊಪ್ಪು ಸವರುವವರು ಬುಡ ತೆಗೆಯುವುದುಂಟೋ? ಮತ್ತೆ ಮುಂದಿನ ವರ್ಷಕ್ಕೆ ಸೊಪ್ಪು ಬೇಡವೋ?"

ಬುಡಗಳು ಚಿಗುರಿದವು. ಒಂದು ಇದ್ದಲ್ಲಿ ಐದಾರು ಕವಲು. ಆದರೆ ಹೂವಿಗೆ ತಡವಿತ್ತು, ಮಳೆ ಮತ್ತೆ ಹಿಡಿದಿತ್ತು, ಪಾಕ ಇಟ್ಟರೂ ಪೆಟ್ಟಿಗೆಯ ಶಬ್ದ ದಿನದಿಂದ ದಿನಕ್ಕೆ ತೆಳುವಾಗುತ್ತ ಬಂತು. ನವರಾತ್ರಿಯ ರಜೆಗೆ ನರಿಕೊಂಬಿಗೆ ಹೋದವಳು ಅಮ್ಮನ ಹತ್ತಿರ ಸರಿಯಾಗಿ ಮಾತನ್ನೂ ಆಡದೆ ಹಿಂದೆ ಬಂದೆ. ಚೀಲ ಇಳಿಸುವ ಮೊದಲು ಪೆಟ್ಟಿಗೆಗೆ ಕಿವಿಯಿಟ್ಟೆ. ಏನೂ ಕೇಳಿಸಲಿಲ್ಲ. ಮುಚ್ಚಳ ತೆಗೆದೆ. ಒಣಗಿದ ಮೇಣದ ಎರಿ, ಇರುವೆಗಳ ಸಾಲು.

ಮಾಸ್ಟ್ರು ಹತ್ತಿರ ಬಂದು ನಿಂತರು. ಇರುವೆಗಳಿಗೆ ತೊಂದರೆಯಾಗದಂತೆ ಮುಚ್ಚಳವನ್ನು ತಾವೇ ಮೆಲ್ಲಗೆ ಮುಚ್ಚಿದರು. "ನನ್ನ ಧರ್ಮಕ್ಕಾಗಿ ನಿಮ್ಮ ಕೆಲಸಕ್ಕೆ ಸಂಚಕಾರ ತಂದೆನೋ ಎಂದು ಯೋಚನೆಯಾಗುತ್ತದೆ ಟೀಚರ್," ಎಂದರು. ನನ್ನ ಹಾಗೆಯೇ ಅವರಿಗೂ ಒಳಗೊಳಗೆ ಚಿಂತೆ ಇತ್ತೆಂಬುದು ನನಗೆ ಅಲ್ಲಿಯವರೆಗೆ ತೋಚಿರಲಿಲ್ಲ. ಚಿಂತೆಯೆಲ್ಲ ನನಗೊಬ್ಬಳಿಗೇ ಮಂಜೂರಾ‌ದದ್ದು ಎಂದು ತಿಳಿದಿದ್ದೆ.

ಸಂಜೆ ಮನೆಗೆ ಇಳಿದೆ. ಕಮಲಕ್ಕ ಹಟ್ಟಿಯ ಹೊರಗೆ, ಹಾಲಿನ ಚೆಂಬು ಹಿಡಿದು, ಒಳಗೆ ಹೋಗದೆ ನಿಂತಿದ್ದರು.

"ಬಂದಿರೋ? ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ. ಎರಡು ದಿನದಿಂದ ಹಾಲು ಕರೆಯಲಿಕ್ಕೆ ಬಿಡುವುದಿಲ್ಲ."

ಹಟ್ಟಿಯ ಮುರಕಲ್ಲಿನ ಗೋಡೆಯಲ್ಲಿ, ಗಾರೆ ಬಿದ್ದುಹೋದ ಒಂದು ಸಂದಿನಲ್ಲಿ, ನೊಣಗಳು ಹೋಗಿಬಂದು ಮಾಡುತ್ತಿದ್ದವು. ಕೆಳಗೆ ದನಗಳ ಕಾಲಡಿಯಲ್ಲಿ ಲಕ್ಕಿ ಸೊಪ್ಪಿನ ಕಹಿ ವಾಸನೆ ಇನ್ನೂ ಇತ್ತು. ಅದಕ್ಕಾಗಿ ಬಂದವೋ, ಹೀರೆಯ ಹೂ ಹತ್ತಿರವೆಂದು ಬಂದವೋ, ಕೇವಲ ಬೆಚ್ಚಗಿನ ಗೋಡೆ ಎಂದು ಬಂದವೋ ನಾನು ಹೇಳಲಾರೆ. ನಾನು ಗೋಡೆಗೆ ಕಿವಿಯಿಟ್ಟೆ. ದೂರದ ಮಳೆ.

"ಇನ್ನು ಆ ನೆಕ್ಕಿಗೆ ನಾನು ಕತ್ತಿ ಮುಟ್ಟಿಸಿದರೆ ಕೇಳಿ," ಎಂದರು ಕಮಲಕ್ಕ. "ಅಲ್ಲಿ ಊಟ ಸಿಕ್ಕಿದರೆ ಇಲ್ಲಿ ನನ್ನನ್ನು ಬಿಟ್ಟಾವು."

ಸುಗ್ಗಿಗೆ ಇನ್ಸ್‌ಪೆಕ್ಟರು ಹೇಳಿದಂತೆಯೇ ಬಂದರು. ಮಾಸ್ಟ್ರು ಅವರನ್ನು ಮೊದಲು ಬರಿದಾದ ಪೆಟ್ಟಿಗೆಗೂ ಅಲ್ಲಿಂದ ಹಟ್ಟಿಗೂ ಕರೆದುಕೊಂಡು ಹೋದರು, ಒಂದನ್ನೂ ಮುಚ್ಚಿಡಲಿಲ್ಲ. ನಾನು ಹಿಂದೆ, ಸೆರಗಿನ ತುದಿ ತಿರುಚುತ್ತ. ಇನ್ಸ್‌ಪೆಕ್ಟರು ಗೋಡೆಯ ಸಂದಿಗೆ ಬಗ್ಗಿ ನೋಡಿದರು.

"ತುಪ್ಪ ಇರಬೇಕಲ್ಲ ಒಳಗೆ?"

"ಉಂಟು ಸ್ವಾಮಿ," ಎಂದರು ಕಮಲಕ್ಕ, ತಮಗೆ ಬರುವಷ್ಟು ಕನ್ನಡದಲ್ಲಿ. "ಗೋಡೆ ಒಡೀಬೇಕು. ಒಡೆದರೆ ಇಲಾಖೆಯವರು ಕಟ್ಟಿ ಕೊಡ್ತಾರೋ?"

ಇನ್ಸ್‌ಪೆಕ್ಟರು ನಕ್ಕುಬಿಟ್ಟರು. "ಇರ್ಲಿ ಬಿಡಿ. ನೊಣ ಇದೆ, ಊರಲ್ಲೇ ಇದೆ. ಬೇಲಿ ನೆಟ್ಟೋರು ಯಾರು, ಈ ಟೀಚರಾ? ಇರ್ಲಿ." ಆ ಎರಡನೆಯ 'ಇರ್ಲಿ' ನನ್ನ ಕುರಿತಾದದ್ದು ಎಂದು ಮಾಸ್ಟ್ರು ಆಮೇಲೆ ವಿವರಿಸಿ ಹೇಳಬೇಕಾಯಿತು. ನನಗೆ ಅಂದು ಸಮಾಧಾನವಾಗಬೇಕಿತ್ತು. ಆದರೆ ಗಾರೆ ಬಿದ್ದ ಆ ಗೋಡೆ ಮುಂದಿನ ಮಳೆಗೆ ನಿಲ್ಲುತ್ತದೆಯೇ ಎಂಬ ಯೋಚನೆ ಆಗಲೇ ಆರಂಭವಾಗಿತ್ತು.

ಗೋಡೆ ನಿಂತಿತು. ಬೇಲಿ ಮಕ್ಕಳ ತಲೆ ಮೀರಿ ಬೆಳೆಯಿತು. ಕೆಲವು ಮಳೆಗಾಲಗಳ ನಂತರ ನನಗೆ ಬಂಟ್ವಾಳದ ಕಡೆಗೆ ವರ್ಗವಾಯಿತು. ಹೊರಡುವ ದಿನ ಕಮಲಕ್ಕ ನನ್ನ ಸೀರೆಗಳ ನಡುವೆ ಲಕ್ಕಿ ಎಲೆ ಇಟ್ಟರು. ಹುಳ ಬರಬಾರದೆಂದು. ಅದನ್ನೇ ನೆಟ್ಟು ಹುಳ ಬರಲಿ ಎಂದು ಎರಡು ಮಳೆಗಾಲ ಕಾದವಳು ನಾನು. ಬರಬೇಕಾದದ್ದನ್ನು ಕರೆದು ಬರಬಾರದ್ದನ್ನು ಓಡಿಸುವ ವಿವೇಕ ಆ ಗಿಡಕ್ಕೆ ಎಲ್ಲಿಂದ ಬಂತೋ ತಿಳಿಯದು. ನನಗಂತೂ ಇಂದಿಗೂ ಎಲ್ಲವೂ ಒಟ್ಟಿಗೇ ಬರುತ್ತದೆ.

ಈಗ ನರಿಕೊಂಬಿನ ಈ ಅಂಗಳದ ತುದಿಯಲ್ಲಿಯೂ ನಾಲ್ಕು ಲಕ್ಕಿ ಗೆಲ್ಲು ಊರಿದ್ದೇನೆ. ಹೋದ ಬೇಸಗೆಯನ್ನು ನೀರಿಲ್ಲದೆ ದಾಟಿವೆ. ಮೊನ್ನೆ ಒಂದರಲ್ಲಿ ಗೊಂಚಲು ಕಂಡಿತು. ನೊಣ ಇನ್ನೂ ಬಂದಿಲ್ಲ. ಬೆಳಿಗ್ಗೆ ಹೊಳೆಯ ಮೆಟ್ಟಿಲು ನೋಡಿ, ಹಿಂದೆ ಬರುವಾಗ ಗಿಡವನ್ನು ಒಮ್ಮೆ ಮುಟ್ಟಿ ಬರುತ್ತೇನೆ. ಉಗುರು ತಾಗಿಸುವುದಿಲ್ಲ.

ಮೇಲ್ಕಾಣಿಸಿದ ಬರವಣಿಗೆಯಲ್ಲಿ ತಪ್ಪುಗಳು ಬಹಳ ಇರಬಹುದು. ಕಂಡಲ್ಲಿ ತಾವು ಸಂಕೋಚವಿಲ್ಲದೆ ತಿದ್ದಬೇಕು. ಹೆಚ್ಚಾದದ್ದನ್ನು ಸವರಿದರೂ ನನಗೆ ಬೇಸರವಿಲ್ಲ. ಬುಡ ಒಂದು ಗೇಣು ಬಿಟ್ಟು ಸವರಬೇಕಾಗಿ ಮಾತ್ರ ಪ್ರಾರ್ಥನೆ.

ಇತಿ ತಮ್ಮ ವಿಧೇಯಳು,
ಪದವಿನ ಶಾಲೆಯ ಹಿಂದಿನ ಕೈಕಸಬಿನ ಟೀಚರು